ತರಕಾರಿ ಸೂಪ್: ಬೇಯಿಸಿದ ನೀರಿನಲ್ಲಿ ಉಳಿಯುವ ಸತ್ವ

ಪುಣೆ ನಗರದ ದಕ್ಷಿಣ ಭಾಗದಲ್ಲಿ, ಸಾತಾರಾ ರಸ್ತೆಯ ಬದಿಗೆ ಇರುವ ಧನಕವಡಿ ಒಂದು ಕಾಲಕ್ಕೆ ಪ್ರತ್ಯೇಕ ಹಳ್ಳಿಯಾಗಿತ್ತು. ಇಂದು ಅದು ಭಾರತೀ ವಿದ್ಯಾಪೀಠದ ವಿಶಾಲ ಆವರಣವನ್ನೂ ದಟ್ಟವಾದ ವಸತಿ ಪ್ರದೇಶಗಳನ್ನೂ ಒಳಗೊಂಡ ನಗರದ ಭಾಗ. ಇದೇ ದಾರಿಯಲ್ಲಿ ಮುಂದೆ ಸಾಗಿದರೆ ಸಾತಾರಾ, ಕೊಲ್ಹಾಪುರ, ನಿಪ್ಪಾಣಿಗಳನ್ನು ಹಾದು ಬೆಳಗಾವಿಯನ್ನು ತಲುಪಬಹುದು. ಉದ್ಯೋಗಕ್ಕಾಗಿ, ವಿದ್ಯಾಭ್ಯಾಸಕ್ಕಾಗಿ ಈ ದಾರಿಯಲ್ಲಿ ಪುಣೆಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳು ಅನೇಕ. ತರಕಾರಿಯ ದೃಷ್ಟಿಯಿಂದ ಇವರು ಅದೃಷ್ಟವಂತರೆಂದೇ ಹೇಳಬೇಕು. ಪುಣೆಯ ದೊಡ್ಡ ಸಗಟು ಮಾರುಕಟ್ಟೆಯಾದ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್ ಧನಕವಡಿಗೆ ಕೆಲವೇ ಕಿಲೋಮೀಟರ್ ದೂರದಲ್ಲಿದ್ದು, ಸೊಪ್ಪು, ಕಾಯಿಪಲ್ಲೆಗಳು ವರ್ಷದ ಎಲ್ಲ ಕಾಲದಲ್ಲಿಯೂ ದೊರೆಯುತ್ತವೆ.

ಹೆಸರುಗಳು ಮಾತ್ರ ಬೇರೆ. ನಮ್ಮ ಸಬ್ಬಸಿಗೆ ಇಲ್ಲಿ ಶೇಪು, ಪುಂಡಿ ಇಲ್ಲಿ ಅಂಬಾಡಿ, ಚಕ್ಕೋತ ಇಲ್ಲಿ ಚಾಕವತ, ನುಗ್ಗೆ ಇಲ್ಲಿ ಶೇವಗಾ, ಸೋರೆಕಾಯಿ ಇಲ್ಲಿ ದುಧಿ ಭೋಪಳಾ. ಹೊಸದಾಗಿ ಬಂದ ಗೃಹಿಣಿಗೆ ಈ ಹೆಸರುಗಳು ರೂಢಿಯಾಗಲು ಕೆಲವು ದಿನ ಬೇಕಾಗುತ್ತದೆ. ಅಷ್ಟರವರೆಗೆ ಪರಿಚಯವಿರುವ ಆಲೂಗಡ್ಡೆ, ಹೂಕೋಸುಗಳಿಗೇ ಕೈ ಹೋಗುವುದು ಸಹಜ. ಆದರೆ ಮಾರುಕಟ್ಟೆಯಿಂದ ತಂದ ತರಕಾರಿಯ ಸತ್ವವೆಲ್ಲವೂ ನಮ್ಮ ಶರೀರವನ್ನು ಸೇರುತ್ತದೆಯೇ ಎಂಬುದು ಹೆಸರಿಗಿಂತ ಮುಖ್ಯವಾದ ಪ್ರಶ್ನೆ. ಅದರ ಒಂದು ದೊಡ್ಡ ಪಾಲು ಅಡುಗೆಮನೆಯ ಬಚ್ಚಲಿನಲ್ಲಿ ಹರಿದುಹೋಗುತ್ತದೆ ಎಂಬುದು ಹಲವರಿಗೆ ತಿಳಿಯದು.

ನೀರಿನಲ್ಲಿ ಕರಗುವುದು ಏನು?

ತರಕಾರಿಯಲ್ಲಿರುವ ಪೋಷಕಾಂಶಗಳನ್ನು ಸ್ಥೂಲವಾಗಿ ಎರಡು ಬಗೆಯವೆಂದು ಭಾವಿಸಬಹುದು. ಸಿ ಜೀವಸತ್ವ, ಫೋಲೇಟ್ ಮೊದಲಾದ ಬಿ ಗುಂಪಿನ ಜೀವಸತ್ವಗಳು ಹಾಗೂ ಪೊಟ್ಯಾಸಿಯಂನಂತಹ ಖನಿಜಗಳು ನೀರಿನಲ್ಲಿ ಕರಗುತ್ತವೆ. ಕ್ಯಾರಟ್, ಕುಂಬಳಕಾಯಿ, ಹಸಿರು ಸೊಪ್ಪುಗಳಲ್ಲಿರುವ ಕ್ಯಾರೊಟಿನ್ ನೀರಿನಲ್ಲಿ ಕರಗದೆ ಎಣ್ಣೆ, ತುಪ್ಪಗಳಲ್ಲಿ ಕರಗುತ್ತದೆ. ಈ ಕ್ಯಾರೊಟಿನ್ ಶರೀರದಲ್ಲಿ ಎ ಜೀವಸತ್ವವಾಗಿ ಮಾರ್ಪಟ್ಟು, ಇರುಳುಗುರುಡು ಬಾರದಂತೆ ಕಣ್ಣನ್ನು ಕಾಪಾಡುತ್ತದೆ.

ಸೊಪ್ಪನ್ನು ಹೆಚ್ಚು ನೀರಿನಲ್ಲಿ ಕುದಿಸಿ, ಬಸಿದು, ಆ ನೀರನ್ನು ಚೆಲ್ಲಿದರೆ ಮೊದಲನೆಯ ಗುಂಪಿನ ಪೋಷಕಾಂಶಗಳು ಅದರೊಡನೆ ಹೋಗುತ್ತವೆ. ಪಾಲಕ್ ಸೊಪ್ಪನ್ನು ಹೀಗೆ ಕುದಿಸಿದಾಗ ಅದರ ಫೋಲೇಟಿನಲ್ಲಿ ಸುಮಾರು ಅರ್ಧದಷ್ಟು ಸೊಪ್ಪಿನಿಂದ ಹೊರಬರುತ್ತದೆಂದೂ, ಹಬೆಯಲ್ಲಿ ಬೇಯಿಸಿದಾಗ ನಷ್ಟ ಬಹಳ ಅಲ್ಪವೆಂದೂ ಪ್ರಯೋಗಗಳಿಂದ ತಿಳಿದುಬಂದಿದೆ. ಸಿ ಜೀವಸತ್ವದ ಸ್ಥಿತಿ ಇನ್ನೂ ಸೂಕ್ಷ್ಮ. ಅದು ನೀರಿಗೆ ಇಳಿಯುವುದಲ್ಲದೆ ಶಾಖಕ್ಕೂ ಗಾಳಿಗೂ ನಾಶವಾಗುತ್ತದೆ. ಸೊಪ್ಪಿನ ಹಸಿರು ಬಣ್ಣ ಉಳಿಯಲೆಂದು ಅಡುಗೆ ಸೋಡಾ ಹಾಕುವ ಅಭ್ಯಾಸ ಕೆಲವರಿಗಿದೆ. ಇದರಿಂದ ಬಣ್ಣ ಉಳಿಯುವುದು ನಿಜ, ಆದರೆ ಸಿ ಜೀವಸತ್ವವೂ ಥಯಮಿನ್ ಎಂಬ ಬಿ ಜೀವಸತ್ವವೂ ಮತ್ತಷ್ಟು ನಾಶವಾಗುತ್ತವೆ.

ಸೂಪಿನ ಮೊದಲನೆಯ ಗುಣ ಇಲ್ಲಿದೆ. ತರಕಾರಿಯಿಂದ ನೀರಿಗೆ ಇಳಿದದ್ದನ್ನು ಸೂಪಿನಲ್ಲಿ ನಾವು ಚೆಲ್ಲದೆ ಕುಡಿಯುತ್ತೇವೆ. ಶಾಖದಿಂದಾದ ನಷ್ಟವನ್ನು ಸೂಪ್ ತುಂಬಿಕೊಡಲಾರದು. ಆದರೆ ನೀರಿಗೆ ಇಳಿದ ಫೋಲೇಟ್, ಖನಿಜಗಳು ಪಾತ್ರೆಯಲ್ಲಿಯೇ ಉಳಿಯುತ್ತವೆ. ಇನ್ನು ಬೇಯಿಸುವುದರಿಂದ ಬರೀ ನಷ್ಟವೆಂದು ತಿಳಿಯುವುದೂ ಸರಿಯಲ್ಲ. ಶಾಖದಿಂದ ತರಕಾರಿಯ ಜೀವಕೋಶಗಳ ಗೋಡೆ ಸಡಿಲಗೊಂಡು ಕ್ಯಾರಟ್ಟಿನ ಕ್ಯಾರೊಟಿನ್, ಟೊಮೆಟೊದ ಕೆಂಪು ಬಣ್ಣಕ್ಕೆ ಕಾರಣವಾದ ಲೈಕೋಪಿನ್ ಇವು ಶರೀರಕ್ಕೆ ಸುಲಭವಾಗಿ ದಕ್ಕುತ್ತವೆ. ಒಂದು ಚಮಚ ಎಣ್ಣೆಯ ಒಗ್ಗರಣೆ ಇದ್ದರೆ ಇನ್ನೂ ಚೆನ್ನಾಗಿ ಹೀರಲ್ಪಡುತ್ತವೆ. ಎಣ್ಣೆಯ ಸೋಂಕೇ ಇಲ್ಲದ ಸೂಪನ್ನು ಆರೋಗ್ಯಕರವೆಂದು ಹೊಗಳುವವರು ಈ ಅಂಶವನ್ನು ಗಮನಿಸಬೇಕು.

ಬಸ್ಸಾರು, ಕಟ್ಟಿನ ಸಾರು

'ಸೂಪ್' ಎಂಬುದು ಇಂಗ್ಲಿಷಿನ ಮೂಲಕ ಬಂದ ಶಬ್ದ. ಸಂಸ್ಕೃತದ 'ಸೂಪ' ಬೇಳೆಯ ವ್ಯಂಜನವನ್ನು ಸೂಚಿಸುವ ಬೇರೆಯೇ ಶಬ್ದ.  ಆದರೂ 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ಪಾಕಶಾಸ್ತ್ರದ ಕಾವ್ಯ ಬರೆದು ಅದಕ್ಕೆ 'ಸೂಪಶಾಸ್ತ್ರ' ಎಂದು ಹೆಸರಿಟ್ಟುದನ್ನು ನೆನೆದಾಗ, ಹೋಟೆಲಿನ ಬಟ್ಟಲಿನಲ್ಲಿ ಬರುವ ಸೂಪನ್ನು ಹೊಸ ವಸ್ತುವೆಂದು ಭಾವಿಸುವ ಅಗತ್ಯವಿಲ್ಲವೆನಿಸುತ್ತದೆ.

ವಸ್ತುತಃ, ಬೇಯಿಸಿದ ನೀರನ್ನು ಚೆಲ್ಲಬಾರದೆಂಬ ತಿಳಿವು ನಮ್ಮ ಅಡುಗೆಯಲ್ಲಿ ಬಹಳ ಹಿಂದಿನಿಂದಲೂ ಇದೆ. ಮಂಡ್ಯ, ಹಾಸನ, ತುಮಕೂರು ಕಡೆಯ ಬಸ್ಸಾರು ಇದಕ್ಕೆ ಅತ್ಯುತ್ತಮ ನಿದರ್ಶನ. ತೊಗರಿಬೇಳೆಯನ್ನೋ ಅಲಸಂದೆಕಾಳನ್ನೋ ಸೊಪ್ಪಿನೊಡನೆ ಬೇಯಿಸಿ ಬಸಿಯುತ್ತಾರೆ. ಬಸಿದ ಕಾಳು, ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬಸಿದ ನೀರಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ತೆಂಗಿನಕಾಯಿ, ಹುಣಿಸೆಹಣ್ಣುಗಳನ್ನು ರುಬ್ಬಿ ಹಾಕಿ ಕುದಿಸಿದರೆ ಸಾರು. ರಾಗಿಮುದ್ದೆಗೆ ಎರಡೂ ಜೊತೆ. ಒಂದು ಹನಿ ನೀರೂ ವ್ಯರ್ಥವಾಗುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಹೋಳಿಗೆಯ ದಿನ ಕಡಲೆಬೇಳೆ ಬೇಯಿಸಿದ ಕಟ್ಟಿನಿಂದ ಮಾಡುವ ಕಟ್ಟಿನ ಸಾರಿನ ತತ್ವವೂ ಇದೇ. ಪುಣೆಯ ಮರಾಠಿ ಮನೆಗಳಲ್ಲಿ ಪೂರಣಪೋಳಿಯ ಜೊತೆಗೆ ಬಡಿಸುವ 'ಕಟಾಚಿ ಆಮಟಿ' ಅದರ ಸಹೋದರಿ. ನೆರೆಮನೆಯವರ ಟೊಮೆಟೊ 'ಸಾರ'ಕ್ಕೂ ನಮ್ಮ ಸಾರಿಗೂ ಹೆಸರಿನಲ್ಲಷ್ಟೇ ಅಲ್ಲ, ತಯಾರಿಕೆಯಲ್ಲಿಯೂ ಅಂತರ ಕಡಿಮೆ.

ಹೋಟೆಲಿನ ತರಕಾರಿ ಸೂಪಿನ ಪಕ್ಕದಲ್ಲಿ ಬಸ್ಸಾರನ್ನು ಇಟ್ಟು ನೋಡಿದರೆ, ಪೌಷ್ಟಿಕತೆಯಲ್ಲಿ ಬಸ್ಸಾರಿನ ಊಟವೇ ಮೇಲು. ಅದರಲ್ಲಿ ಬೇಳೆಯ ಸಸಾರಜನಕವಿದೆ, ಪಲ್ಯದ ನಾರಿನಂಶವಿದೆ, ಸಾರಿನ ಜೀವಸತ್ವವಿದೆ. ಕೇವಲ ತರಕಾರಿಯಿಂದ ಮಾಡಿದ ತಿಳಿಯಾದ ಸೂಪ್ ಒಂದು ಬಟ್ಟಲಿಗೆ ಸಾಮಾನ್ಯವಾಗಿ 50 ಕ್ಯಾಲೊರಿಗಿಂತ ಕಡಿಮೆ ಶಕ್ತಿಯನ್ನು ಕೊಡುತ್ತದೆ, ಸಸಾರಜನಕವಂತೂ ಅತ್ಯಲ್ಪ. ಬೊಜ್ಜು ಇರುವವರಿಗೆ ಇದೇ ಗುಣವಾಗುತ್ತದೆ. ಊಟಕ್ಕೆ ಮೊದಲು ಸೂಪ್ ಸೇವಿಸಿದವರು ಆ ಹೊತ್ತಿನಲ್ಲಿ ಒಟ್ಟು ಸುಮಾರು ಶೇಕಡ 20ರಷ್ಟು ಕಡಿಮೆ ಕ್ಯಾಲೊರಿ ಸೇವಿಸಿದರೆಂದು ಅಮೆರಿಕದ ಪೆನ್‌ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸುತ್ತದೆ. ಆದರೆ ಕೃಶವಾದ ಮಗುವಿಗೆ, ದುಡಿಯುವ ಹೆಂಗಸಿಗೆ ಅದೇ ಸೂಪ್ ಊಟದ ಸ್ಥಾನವನ್ನು ತುಂಬಲಾರದು.

ಪುಣೆಯ ಸಮೀಪದ ಆರು ಹಳ್ಳಿಗಳು

ಹಸಿರು ಸೊಪ್ಪಿನ ಮಹತ್ವವನ್ನು ಜಗತ್ತಿನ ಗಮನಕ್ಕೆ ತಂದ ಅಧ್ಯಯನಗಳಲ್ಲಿ ಒಂದು ಪುಣೆಯ ಸಮೀಪದಲ್ಲಿಯೇ ನಡೆಯಿತು. ನಗರದ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು, ಪುಣೆಯದೇ ಆದ ಆಘರ್ಕರ್ ಸಂಶೋಧನಾ ಸಂಸ್ಥೆಯ ಹಾಗೂ ಇಂಗ್ಲೆಂಡಿನ ಸೌತಾಂಪ್ಟನ್ನಿನ ವಿಜ್ಞಾನಿಗಳೊಡನೆ ಸೇರಿ, 1993ರಿಂದ ಆರು ಹಳ್ಳಿಗಳ ಗರ್ಭಿಣಿಯರ ಆಹಾರವನ್ನೂ ಅವರಿಗೆ ಹುಟ್ಟಿದ ಶಿಶುಗಳ ತೂಕ, ಅಳತೆಗಳನ್ನೂ ದಾಖಲಿಸಿದರು. ಈ ಶಿಶುಗಳ ಸರಾಸರಿ ಜನನ ತೂಕ ಸುಮಾರು 2.7 ಕಿಲೋಗ್ರಾಂ. ಸೌತಾಂಪ್ಟನ್ನಿನ ಶಿಶುಗಳದು ಸುಮಾರು 3.5 ಕಿಲೋಗ್ರಾಂ.

2001ರಲ್ಲಿ ಪ್ರಕಟವಾದ ಫಲಿತಾಂಶ ಅನೇಕರನ್ನು ಆಶ್ಚರ್ಯಗೊಳಿಸಿತು. ತಾಯಂದಿರು ಸೇವಿಸಿದ ಒಟ್ಟು ಕ್ಯಾಲೊರಿ ಅಥವಾ ಸಸಾರಜನಕಕ್ಕಿಂತಲೂ, ಹಸಿರು ಸೊಪ್ಪು, ಹಣ್ಣು ಹಾಗೂ ಹಾಲನ್ನು ಅವರು ಎಷ್ಟು ಬಾರಿ ಸೇವಿಸಿದರೆಂಬುದಕ್ಕೂ ಶಿಶುವಿನ ಗಾತ್ರಕ್ಕೂ ಹೆಚ್ಚು ನಿಕಟ ಸಂಬಂಧ ಕಂಡುಬಂತು. ಗರ್ಭದ 28ನೇ ವಾರದಲ್ಲಿ ರಕ್ತಕಣಗಳಲ್ಲಿ ಫೋಲೇಟ್ ಹೆಚ್ಚಿದ್ದ ತಾಯಂದಿರ ಶಿಶುಗಳ ತೂಕವೂ ಹೆಚ್ಚಾಗಿತ್ತು. ಸೊಪ್ಪು ತಿಂದದ್ದರಿಂದಲೇ ತೂಕ ಏರಿತೆಂದು ಇಂತಹ ಅಧ್ಯಯನವೊಂದರಿಂದಲೇ ಸಿದ್ಧವಾಗದು. ಸಂಬಂಧವಿದೆ ಎಂದಷ್ಟೇ ಅದು ತೋರಿಸಬಲ್ಲದು. ಆದರೂ ಬೇರೆ ರೀತಿಯಿಂದ ಗರ್ಭಿಣಿಗೆ ಫೋಲೇಟಿನ ಅಗತ್ಯ ಸ್ಥಿರಪಟ್ಟಿರುವುದರಿಂದ, ಸೊಪ್ಪು ಬೇಯಿಸಿದ ನೀರನ್ನು ಚೆಲ್ಲುವ ಮುನ್ನ ಈ ಆರು ಹಳ್ಳಿಗಳನ್ನು ನೆನೆಯುವುದು ಯುಕ್ತ. ವೈದ್ಯರು ಕೊಡುವ ಕಬ್ಬಿಣ ಹಾಗೂ ಫೋಲಿಕ್ ಆಮ್ಲದ ಮಾತ್ರೆಗೆ ಸೂಪ್ ಪರ್ಯಾಯವಲ್ಲ ಎಂಬುದನ್ನು ಮಾತ್ರ ಮರೆಯಕೂಡದು.

ಇದೇ ಅಧ್ಯಯನ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿತು. ಈ ತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಿ-12 ಜೀವಸತ್ವದ ಕೊರತೆಯಿತ್ತು. ಈ ಜೀವಸತ್ವ ಯಾವ ತರಕಾರಿಯಲ್ಲಿಯೂ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದ ಮಾತ್ರ ಸಹಜವಾಗಿ ದೊರೆಯುತ್ತದೆ. ಆದ್ದರಿಂದ ಶಾಕಾಹಾರಿಗಳು, ವಿಶೇಷವಾಗಿ ಗರ್ಭಿಣಿಯರು, ಎಷ್ಟೇ ಸೊಪ್ಪಿನ ಸೂಪ್ ಸೇವಿಸಿದರೂ ದಿನಕ್ಕೆ ಹಾಲು, ಮೊಸರುಗಳನ್ನು ಬಿಡಬಾರದು. ಕೊರತೆಯ ಸಂದೇಹವಿದ್ದರೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು.

ರಕ್ತಹೀನತೆಯ ವಿಷಯದಲ್ಲಿಯೂ ಸ್ವಲ್ಪ ವಿವೇಚನೆ ಅಗತ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಪಾಲಕ್ ಸೂಪ್ ಕುಡಿದರೆ ರಕ್ತ ಹೆಚ್ಚುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಪಾಲಕ್‌ನಲ್ಲಿ ಕಬ್ಬಿಣವಿರುವುದು ನಿಜವಾದರೂ ಅದರಲ್ಲಿ ಶರೀರ ಹೀರಿಕೊಳ್ಳುವ ಭಾಗ ಬಹಳ ಚಿಕ್ಕದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನಾ ಕೋಷ್ಟಕದ ಪ್ರಕಾರ 100 ಗ್ರಾಂ ನುಗ್ಗೆಸೊಪ್ಪಿನಲ್ಲಿ ಸುಮಾರು 4.5 ಮಿಲಿಗ್ರಾಂ ಕಬ್ಬಿಣವೂ 300 ಮಿಲಿಗ್ರಾಮಿಗಿಂತ ಹೆಚ್ಚು ಸುಣ್ಣದ ಅಂಶವೂ ಇವೆ. ಪಾಲಕ್‌ನಲ್ಲಿ ಕಬ್ಬಿಣ ಸುಮಾರು 3 ಮಿಲಿಗ್ರಾಂ. ಬೆಲೆಯಲ್ಲಿ ಅಗ್ಗವಾದ, ಅನೇಕ ಕಡೆ ಹಿತ್ತಿಲಲ್ಲಿಯೇ ಬೆಳೆಯುವ ನುಗ್ಗೆಸೊಪ್ಪನ್ನು ಬಿಟ್ಟು ಪಾಲಕ್‌ಗೆ ಮಾತ್ರ ಮನ್ನಣೆ ಕೊಡುವುದು ಸರಿಯೆನಿಸದು. ಯಾವುದೇ ಸೊಪ್ಪಿನ ಸೂಪಾದರೂ ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ ಅದರ ಸಿ ಜೀವಸತ್ವ ಕಬ್ಬಿಣವನ್ನು ಹೀರಿಕೊಳ್ಳಲು ಸಹಾಯಕವಾಗುತ್ತದೆ. ಕುದಿಯುವಾಗ ಹಿಂಡಿದರೆ ಪ್ರಯೋಜನ ಕಡಿಮೆ. ಊಟದೊಡನೆಯೇ ಅಥವಾ ಊಟವಾದ ಕೂಡಲೇ ಚಹಾ, ಕಾಫಿ ಕುಡಿದರೆ ಕಬ್ಬಿಣದ ಹೀರುವಿಕೆ ಕುಂದುತ್ತದೆ.

ಎಳೆಯ ಮಕ್ಕಳಿಗೆ ತಿಳಿಯಾದ ಸೂಪ್ ಆಹಾರವಲ್ಲ

ಆರು ತಿಂಗಳು ತುಂಬಿದ ಮಗುವಿಗೆ ತಾಯಿಯ ಹಾಲಿನ ಜೊತೆಗೆ ಮೇಲು ಆಹಾರವನ್ನು ಆರಂಭಿಸುವಾಗ ಬೇಳೆಯ ಕಟ್ಟು, ಸಾರಿನ ತಿಳಿ, ಸೋಸಿದ ತರಕಾರಿ ನೀರು ಇವುಗಳನ್ನು ಕೊಡುವ ಪದ್ಧತಿ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಇದೆ. ಸುಲಭವಾಗಿ ಜೀರ್ಣವಾಗುತ್ತದೆಂಬ ವಾತ್ಸಲ್ಯವೇ ಇದರ ಹಿಂದಿರುವುದು. ಆದರೆ ಈ ಪದ್ಧತಿಯಿಂದ ಮಗುವಿಗೆ ಹಾನಿಯೇ ಹೆಚ್ಚು.

ಮಗುವಿನ ಹೊಟ್ಟೆ ಚಿಕ್ಕದು. ಶರೀರದ ತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು 30 ಮಿಲಿಲೀಟರ್ ಎಂದು ಅದರ ಅಳತೆಯನ್ನು ಹೇಳಲಾಗುತ್ತದೆ. ಅಂದರೆ 8 ಕಿಲೋ ತೂಕದ ಮಗುವಿಗೆ ಒಂದು ಹೊತ್ತಿಗೆ ಒಂದು ದೊಡ್ಡ ಲೋಟದಷ್ಟೇ ಹಿಡಿಯುತ್ತದೆ. 100 ಮಿಲಿಲೀಟರ್ ತಾಯಿಯ ಹಾಲಿನಲ್ಲಿ ಸುಮಾರು 65 ಕ್ಯಾಲೊರಿಗಳಿವೆ. ಸೋಸಿದ ತರಕಾರಿ ನೀರಿನಲ್ಲಿ ಅದರ ನಾಲ್ಕನೆಯ ಒಂದು ಭಾಗವೂ ಇರುವುದು ದುರ್ಲಭ. ಹೀಗಾಗಿ ಹೊಟ್ಟೆ ತುಂಬುತ್ತದೆ, ಹಸಿವು ಅಡಗುತ್ತದೆ, ಮಗು ಅಳುವುದೂ ಇಲ್ಲ. ಆದರೆ ತಿಂಗಳು ತಿಂಗಳಿಗೆ ತೂಕ ಏರುವುದಿಲ್ಲ. ಅಂಗನವಾಡಿಯಲ್ಲಿ ತೂಕದ ರೇಖೆ ಕೆಳಗಿಳಿದಾಗಲೇ ತಾಯಿಗೆ ವಿಷಯ ತಿಳಿಯುತ್ತದೆ.

ಇದಕ್ಕೆ ಪರಿಹಾರ ಕಷ್ಟವಲ್ಲ. ಬೇಳೆ, ತರಕಾರಿಗಳನ್ನು ಮೆತ್ತಗೆ ಬೇಯಿಸಿ, ಸೋಸದೆ, ಬೇಯಿಸಿದ ನೀರಿನಲ್ಲಿಯೇ ಕಿವುಚಿ, ಅನ್ನ ಅಥವಾ ರಾಗಿಯೊಡನೆ ಕಲಸಿ, ಒಂದು ಚಮಚ ತುಪ್ಪ ಇಲ್ಲವೆ ಎಣ್ಣೆ ಬೆರೆಸಬೇಕು. ಚಮಚವನ್ನು ಓರೆ ಮಾಡಿದಾಗ ಆಹಾರ ಹರಿದು ಬೀಳದೆ ಅದರಲ್ಲಿಯೇ ನಿಂತರೆ ಹದ ಸರಿಯಾಗಿದೆಯೆಂದು ತಿಳಿಯಬೇಕು. ಒಂದು ವರ್ಷದೊಳಗಿನ ಮಗುವಿನ ಆಹಾರಕ್ಕೆ ಉಪ್ಪು, ಸಕ್ಕರೆ ಬೇಕಿಲ್ಲ.

ಯಾರು ಎಚ್ಚರದಿಂದಿರಬೇಕು?

ಆರೋಗ್ಯವಂತನಿಗೆ ಸಂಪತ್ತಾಗುವ ಆ ನೀರೇ ಮೂತ್ರಪಿಂಡದ ವೈಫಲ್ಯವಿರುವವರಿಗೆ ಅಪಾಯಕಾರಿಯಾಗಬಲ್ಲದು. ಅವರ ಶರೀರ ಪೊಟ್ಯಾಸಿಯಮ್ಮನ್ನು ಸಮರ್ಪಕವಾಗಿ ಹೊರಹಾಕಲಾರದು. ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಆದುದರಿಂದಲೇ ಇಂತಹ ರೋಗಿಗಳಿಗೆ ತರಕಾರಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲುವಂತೆ ಆಹಾರ ತಜ್ಞರು ಹೇಳುತ್ತಾರೆ. 'ತರಕಾರಿ ಸೂಪ್ ತಾನೆ, ಏನಾದೀತು' ಎಂದು ಮನೆಯವರು ಪ್ರೀತಿಯಿಂದ ಕುಡಿಸುವುದು ಇಲ್ಲಿ ಸಲ್ಲದು. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಆಗುವವರೂ ಪಾಲಕ್, ದಂಟಿನ ಸೊಪ್ಪುಗಳ ಸೂಪನ್ನು ಮಿತಗೊಳಿಸಬೇಕು. ಮೆಂತ್ಯೆಸೊಪ್ಪಿನಲ್ಲಿ ಆಕ್ಸಲೇಟ್ ಕಡಿಮೆ. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಮಾತ್ರೆ ಸೇವಿಸುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಏರಿಸದೆ ವೈದ್ಯರನ್ನು ಕೇಳಬೇಕು.

ಸೋರೆಕಾಯಿಯ ಬಗ್ಗೆ ವಿಶೇಷ ಮಾತು ಅಗತ್ಯ. ತೂಕ ಇಳಿಸಲು, ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಇದರ ರಸವನ್ನೂ ಸೂಪನ್ನೂ ಸೇವಿಸುವ ರೂಢಿ ಪುಣೆಯಲ್ಲಿಯೂ ಬೆಂಗಳೂರಿನಲ್ಲಿಯೂ ಹೆಚ್ಚಿದೆ. ಕೆಲವು ಸೋರೆಕಾಯಿಗಳು ಕಹಿಯಾಗಿರುತ್ತವೆ. ಈ ಕಹಿಗೆ ಕಾರಣವಾದ ವಸ್ತು ವಿಷಕಾರಿಯಾಗಿದ್ದು, ರಕ್ತವಾಂತಿ ಉಂಟಾದುದೂ ಪ್ರಾಣಹಾನಿ ಸಂಭವಿಸಿದುದೂ ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೇಮಿಸಿದ ತಜ್ಞರ ತಂಡ ಕಹಿ ರಸವನ್ನು ಕುಡಿಯಲೇಬಾರದೆಂದು ಸಲಹೆ ನೀಡಿದೆ. ಹೆಚ್ಚುವ ಮುನ್ನ ಒಂದು ಸಣ್ಣ ಚೂರನ್ನು ನಾಲಿಗೆಗೆ ತಾಗಿಸಿ ನೋಡಿ, ಕಹಿಯಿದ್ದರೆ ಇಡೀ ಕಾಯಿಯನ್ನು ಎಸೆಯಬೇಕು. ಕುದಿಸಿದರೆ ಸರಿಹೋಗುತ್ತದೆಂದು ನಂಬಬಾರದು.

ಉಪ್ಪಿನ ಲೆಕ್ಕ

ಮನೆಯ ಸೂಪಿನ ಗುಣಗಳನ್ನು ಪೊಟ್ಟಣದ ಪುಡಿಯಿಂದ ಮಾಡಿದ ಸೂಪಿಗೂ ಆರೋಪಿಸುವುದು ಇಂದು ಸಾಮಾನ್ಯವಾಗಿದೆ. ಪೊಟ್ಟಣದ ಹಿಂಬದಿಯನ್ನು ಓದಿದರೆ ಜೋಳದ ಪಿಷ್ಟ, ಸಕ್ಕರೆ, ಉಪ್ಪುಗಳೇ ಅನೇಕ ವೇಳೆ ಮುಂದಿನ ಸ್ಥಾನದಲ್ಲಿರುತ್ತವೆ. ಒಣಗಿಸಿದ ತರಕಾರಿ ಅಲ್ಲಲ್ಲಿ ತೇಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು. ಪೊಟ್ಟಣದ ಮೇಲೆ ಉಪ್ಪಿನ ಬದಲು ಸೋಡಿಯಂ ಎಂದು ಮುದ್ರಿಸಿರುತ್ತಾರೆ. ಆ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ತಿಳಿಯುತ್ತದೆ. ಉದಾಹರಣೆಗೆ 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ಅಷ್ಟು ಇರುವ ಒಂದೇ ಬಟ್ಟಲು ದಿನದ ಪಾಲಿನ ಐದರಲ್ಲಿ ಎರಡು ಭಾಗವನ್ನು ಮುಗಿಸಿಬಿಡುತ್ತದೆ. ರಕ್ತದೊತ್ತಡವಿರುವವರು ಈ ಲೆಕ್ಕವನ್ನು ತಪ್ಪದೆ ಮಾಡಬೇಕು. ಹೋಟೆಲುಗಳ ಸೂಪಿನಲ್ಲಿ ಗಟ್ಟಿತನಕ್ಕೆಂದು ಹಾಕುವ ಕಾರ್ನ್‌ಫ್ಲೋರ್ ಶುದ್ಧ ಪಿಷ್ಟವಾದುದರಿಂದ ಮಧುಮೇಹಿಗಳಿಗೆ ಅದೂ ಹಿತವಲ್ಲ. ಮನೆಯಲ್ಲಿ ಗಟ್ಟಿ ಬೇಕಾದರೆ ಬೆಂದ ಹೆಸರುಬೇಳೆಯನ್ನು ಮಸೆದು ಬೆರೆಸಿದರೆ ಸಾಕು.

ತಯಾರಿಸುವ ಕ್ರಮ

ನಾಲ್ಕು ಜನರಿಗೆ 50 ಗ್ರಾಂ ಹೆಸರುಬೇಳೆ, 250 ಗ್ರಾಂನಷ್ಟು ಕ್ಯಾರಟ್, ಕುಂಬಳ, ಹುರುಳಿಕಾಯಿ, ಟೊಮೆಟೊ, ಹಾಗೂ ಒಂದು ಹಿಡಿ ಸೊಪ್ಪು ಸಾಕು. ಬೇಳೆಯಿಂದಲೇ ಸುಮಾರು 12 ಗ್ರಾಂ ಸಸಾರಜನಕ ದೊರೆಯುತ್ತದೆ. ತರಕಾರಿಯನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದ ನಂತರವೇ ಹೆಚ್ಚಬೇಕು. ಹೆಚ್ಚಿದ ಮೇಲೆ ತೊಳೆದರೆ ಅಥವಾ ನೆನೆಸಿಟ್ಟರೆ ಸತ್ವ ಮೊದಲೇ ಹೋಗುತ್ತದೆ. ಹೋಳುಗಳು ದೊಡ್ಡವಾಗಿದ್ದಷ್ಟೂ ನಷ್ಟ ಕಡಿಮೆ. ಬೇಳೆ ಅರ್ಧ ಬೆಂದಾಗ ಗಟ್ಟಿ ತರಕಾರಿಯನ್ನೂ, ಇಳಿಸಲು ನಾಲ್ಕೈದು ನಿಮಿಷವಿರುವಾಗ ಸೊಪ್ಪನ್ನೂ ಹಾಕಿ, ಪಾತ್ರೆಗೆ ಮುಚ್ಚಳ ಮುಚ್ಚಿ ಬೇಯಿಸಬೇಕು. ಒಂದು ಚಮಚ ಎಣ್ಣೆಯಲ್ಲಿ ಜೀರಿಗೆ, ಮೆಣಸಿನಪುಡಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಉಪ್ಪು ಕಡಿಮೆಯಿದ್ದರೂ ರುಚಿ ಕುಂದದು. ಸೋಸಬಾರದು. ಸೋಸಿದರೆ ನಾರಿನಂಶವೂ ಕ್ಯಾರೊಟಿನ್ನಿನ ಬಹುಭಾಗವೂ ಜರಡಿಯಲ್ಲಿಯೇ ಉಳಿಯುತ್ತವೆ. ಹಲ್ಲಿಲ್ಲದ ವೃದ್ಧರಿಗೆ, ಜ್ವರದಿಂದ ಚೇತರಿಸಿಕೊಳ್ಳುತ್ತಿರುವವರಿಗೆ ನುಣ್ಣಗೆ ಮಸೆದು ಕೊಡಬಹುದು.

ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ಆಹಾರಕ್ಕೆ ದಿನಕ್ಕೆ 400 ಗ್ರಾಂ ತರಕಾರಿಯನ್ನು ಸೂಚಿಸಲಾಗಿದೆ. ಮೇಲಿನ ಅಳತೆಯ ಒಂದು ಬಟ್ಟಲು ಸೂಪಿನಲ್ಲಿ ಒಬ್ಬರ ಪಾಲಿಗೆ ಬರುವುದು 60, 70 ಗ್ರಾಂ ಮಾತ್ರ. ಉಳಿದುದು ಪಲ್ಯ, ಕೋಸಂಬರಿ, ಹುಳಿಗಳಿಂದ ಬರಬೇಕು. ಸೂಪನ್ನು ಬಿಸಿಯಾಗಿರುವಾಗಲೇ ಸೇವಿಸಬೇಕು. ಉಳಿದರೆ ಎರಡು ಗಂಟೆಯೊಳಗೆ ತಂಪು ಪೆಟ್ಟಿಗೆಯಲ್ಲಿಟ್ಟು, ಮರುದಿನ ಬೇಕಾದಷ್ಟನ್ನು ಮಾತ್ರ ಒಮ್ಮೆ ಚೆನ್ನಾಗಿ ಕುದಿಸಿಕೊಳ್ಳಬೇಕು.